ಜಾಗ ಬಿಟ್ಟುಕೊಡದ ವಾರನ್ ಮೂನ್

ಅಮೆರಿಕನ್ ಫುಟ್‌ಬಾಲ್ ನೋಡುವವರು ನಾಲ್ಕು ಜನ ಸೇರಿದರೆ ಅತ್ಯುತ್ತಮ ಕ್ವಾರ್ಟರ್‌ಬ್ಯಾಕ್ ಯಾರು ಎಂಬ ಮಾತು ಬಂದೇ ಬರುತ್ತದೆ. ಅದರ ಬೆನ್ನಿಗೇ ಉಂಗುರಗಳ ಲೆಕ್ಕವೂ ಬರುತ್ತದೆ. ಸೂಪರ್ ಬೌಲ್ ಗೆದ್ದ ತಂಡದವರಿಗೆ ಕೊಡುವ ಉಂಗುರ ಟಾಮ್ ಬ್ರೇಡಿ ಬಳಿ ಏಳು, ಜೋ ಮೊಂಟಾನಾ ಬಳಿ ನಾಲ್ಕು. ಇನ್ನೇನು ಮಾತಾಡುವುದಿದೆ ಎಂಬಂತೆ ಎಲ್ಲರೂ ಸುಮ್ಮನಾಗುತ್ತಾರೆ. ನನಗೆ ಸುಮ್ಮನಾಗಲು ಆಗುವುದಿಲ್ಲ. ಈ ಆಟದಲ್ಲಿ ಚೆಂಡನ್ನು ಅತಿ ಚೆಲುವಾಗಿ ಎಸೆದವರು ವಾರನ್ ಮೂನ್ ಎಂದೇ ನಾನು ನಂಬಿದ್ದೇನೆ. ಅವರ ಬಳಿ ಒಂದೂ ಉಂಗುರವಿಲ್ಲ. ಸೂಪರ್ ಬೌಲ್‌ನಲ್ಲಿ ಅವರು ಒಮ್ಮೆಯೂ ಆಡಲಿಲ್ಲ.

ಹೊಸಬರಿಗೆ ಎರಡು ಮಾತು. ಪ್ರತಿ ಬಾರಿ ಆಟ ಶುರುವಾಗುವಾಗ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಎದುರಾಳಿಗಳು ಅವನನ್ನು ಕೆಡವಲು ನುಗ್ಗುತ್ತಾರೆ, ಅವನ ಕಡೆಯ ಭಾರಿ ಆಳುಗಳು ಸುತ್ತ ಗೋಡೆ ಕಟ್ಟಿ ತಡೆಯುತ್ತಾರೆ. ಆ ಗೋಡೆ ನಿಲ್ಲುವುದು ಹೆಚ್ಚೆಂದರೆ ಮೂರು ಸೆಕೆಂಡು. ಅಷ್ಟರಲ್ಲಿ ಓಡುತ್ತಿರುವ ರಿಸೀವರ್‌ಗಳಲ್ಲಿ ಯಾರಿಗೆ ಎಸೆಯಬೇಕೆಂದು ನಿರ್ಧರಿಸಿ, ಅವನು ಮುಂದೆ ತಲುಪಲಿರುವ ಜಾಗಕ್ಕೆ ಚೆಂಡು ಕಳಿಸಬೇಕು. ಒಳ್ಳೆಯ ಎಸೆತದಲ್ಲಿ ಆ ಮೊಟ್ಟೆಯಾಕಾರದ ಚೆಂಡು ಬುಗುರಿಯಂತೆ ತನ್ನ ಉದ್ದಕ್ಕೂ ಗಿರ್ರನೆ ತಿರುಗುತ್ತ, ಮೂತಿ ಅಲುಗಿಸದೆ ಹೋಗುತ್ತದೆ. ಅದನ್ನು ಸ್ಪೈರಲ್ ಎನ್ನುತ್ತಾರೆ. ಎಲ್ಲರೂ ಒಮ್ಮೊಮ್ಮೆ ಅಂಥದ್ದನ್ನು ಎಸೆಯುತ್ತಾರೆ. ಮೂನ್ ಐವತ್ತು ಗಜ ಎಸೆದರೂ ಐದು ಗಜ ಎಸೆದರೂ ಚೆಂಡು ಹಾಗೆಯೇ ಹೋಗುತ್ತಿತ್ತು. ಮೈಯೆಲ್ಲ ನೆಟ್ಟಗೆ, ಮೊಣಕೈ ಎತ್ತರದಲ್ಲಿ, ಕೊನೆಗೆ ಮಣಿಕಟ್ಟಿನ ಒಂದು ಸಣ್ಣ ತಿರುವು. ಎಲ್ಲೂ ತಿಣುಕಾಟವಿಲ್ಲ.

ಇಷ್ಟು ಚೆನ್ನಾಗಿ ಎಸೆಯುವ ಹುಡುಗನಿಗೆ ಎಲ್ಲ ಕಡೆ ಕೇಳಿಬಂದ ಸಲಹೆ ಒಂದೇ: ಎಸೆಯುವುದನ್ನು ಬಿಡು, ಬೇರೆ ಜಾಗದಲ್ಲಿ ಆಡು. ಕಾರಣ, ಅವನು ಕರಿಯ.

ಆ ಕಾಲದ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕರಿಯರು ಓಡಬಹುದಿತ್ತು, ಹಿಡಿಯಬಹುದಿತ್ತು, ಕೆಡವಬಹುದಿತ್ತು. ಯೋಚಿಸಿ ತಂಡ ನಡೆಸುವ ಜಾಗ ಮಾತ್ರ ಬಿಳಿಯರದು ಎಂಬುದು ಯಾರೂ ಬರೆದಿಡದ, ಆದರೆ ಎಲ್ಲರೂ ಪಾಲಿಸುತ್ತಿದ್ದ ನಿಯಮ. 1968ರಲ್ಲಿ ಡೆನ್ವರ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದ ಮಾರ್ಲಿನ್ ಬ್ರಿಸ್ಕೋ ಮೊದಲ ವರ್ಷವೇ 14 ಟಚ್‌ಡೌನ್ ಪಾಸ್, ಅಂದರೆ ಎದುರಾಳಿಯ ಗೆರೆ ದಾಟಿಸಿ ಅಂಕ ತರುವ ಪಾಸ್ ಎಸೆದರು. ಮರುವರ್ಷ ಆ ಜಾಗ ಅವರಿಗೆ ಸಿಗಲಿಲ್ಲ. ಬಫಲೋ ತಂಡಕ್ಕೆ ಹೋಗಿ ರಿಸೀವರ್ ಆಗಿ ಬದುಕು ಕಟ್ಟಿಕೊಳ್ಳಬೇಕಾಯಿತು. ಲಾಸ್ ಏಂಜಲಿಸ್‌ನಲ್ಲಿ ಬೆಳೆಯುತ್ತಿದ್ದ ಮೂನ್‌ಗೆ ಆಗ ಹನ್ನೆರಡರ ಆಸುಪಾಸು.

ಏಳನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಹುಡುಗ ಅವನು. ತಾಯಿ ನರ್ಸ್. ಆರು ಜನ ಅಕ್ಕತಂಗಿಯರ ನಡುವೆ ಒಬ್ಬನೇ ಗಂಡು. ಅಡುಗೆ, ಹೊಲಿಗೆ, ಇಸ್ತ್ರಿ ಎಲ್ಲ ಕಲಿತು ಮನೆಗೆ ನೆರವಾಗುತ್ತಿದ್ದ. ಹಲವು ಆಟಗಳಿಗೆ ಬಿಡುವಿರಲಿಲ್ಲ, ಹಾಗಾಗಿ ಒಂದನ್ನೇ ಆರಿಸಿಕೊಂಡ; ಆ ಆಟದಲ್ಲೂ ಒಂದೇ ಜಾಗವನ್ನು. ಹೈಸ್ಕೂಲ್ ಮುಗಿದಾಗ ದೊಡ್ಡ ವಿಶ್ವವಿದ್ಯಾಲಯಗಳು ಅವನನ್ನು ಬೇರೆ ಸ್ಥಾನಕ್ಕೆ ಕರೆದವು. ಒಪ್ಪದೆ ವೆಸ್ಟ್ ಲಾಸ್ ಏಂಜಲಿಸ್ ಎಂಬ ಎರಡು ವರ್ಷದ ಸಣ್ಣ ಕಾಲೇಜು ಸೇರಿದ. ಅಲ್ಲಿಯ ಆಟ ನೋಡಿ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೋಚ್ ಡಾನ್ ಜೇಮ್ಸ್ 1975ರಲ್ಲಿ ಅವನನ್ನು ಕ್ವಾರ್ಟರ್‌ಬ್ಯಾಕ್ ಆಗಿಯೇ ಕರೆಸಿಕೊಂಡರು.

ಸಿಯಾಟಲ್‌ನ ಪ್ರೇಕ್ಷಕರು ಸೋತಾಗಲೆಲ್ಲ ತಮ್ಮದೇ ಆಟಗಾರನನ್ನು ಕೂಗಿ ಹೀಯಾಳಿಸಿದರು. 1977ರ ಋತುವಿನ ಮೊದಲ ನಾಲ್ಕು ಪಂದ್ಯಗಳಲ್ಲಿ ಮೂರು ಸೋಲು. ಆದರೂ ಕೋಚ್ ಜೇಮ್ಸ್, ಮೂನ್‌ರನ್ನು ಬೆಂಚಿನಲ್ಲಿ ಕೂರಿಸಲಿಲ್ಲ. ತಂಡ ಎದ್ದು ನಿಂತು 1978ರ ಜನವರಿ 2ರಂದು ಕಾಲೇಜು ತಂಡಗಳ ಹೆಸರಾಂತ ಪಂದ್ಯ ರೋಸ್ ಬೌಲ್ ಆಡಿತು. ಎದುರಿಗೆ ಮಿಷಿಗನ್. ಒಂದು ಹಂತದಲ್ಲಿ 24-0 ಮುಂದಿದ್ದ ವಾಷಿಂಗ್ಟನ್ 27-20ರಿಂದ ಗೆದ್ದಿತು. ಎರಡು ಟಚ್‌ಡೌನ್ ಓಡಿ ಗಳಿಸಿ, ಇನ್ನೊಂದನ್ನು ಎಸೆದ ಮೂನ್ ಪಂದ್ಯದ ಶ್ರೇಷ್ಠ ಆಟಗಾರರಾದರು. ಹೀಯಾಳಿಸಿದ್ದ ಜನ ಈಗ ಚಪ್ಪಾಳೆ ತಟ್ಟಿದರು. ತಾನು ಆಯ್ದುಕೊಂಡವನ ಮೇಲೆ ಊರೆಲ್ಲ ಮುಗಿಬಿದ್ದಾಗಲೂ ಕೈಬಿಡದ ಆ ಕೋಚ್‌ಗೆ ಈ ಕಥೆಯಲ್ಲಿ ದೊಡ್ಡ ಪಾಲಿದೆ.

ಇಷ್ಟಾದರೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಿಂದ ಬಂದದ್ದು ಹಳೆಯ ಮಾತೇ. ಕ್ವಾರ್ಟರ್‌ಬ್ಯಾಕ್ ಆಗಿ ತನ್ನನ್ನು ಯಾರೂ ಮನಸ್ಸಿಟ್ಟು ಕರೆಯುವುದಿಲ್ಲ ಎಂದು ಅರಿತ ಮೂನ್, ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್ ನಡೆಯುವ ಮೊದಲೇ ಕೆನಡಾದ ಎಡ್ಮಂಟನ್ ತಂಡಕ್ಕೆ ಸಹಿ ಹಾಕಿದರು. 12 ಸುತ್ತಿನ ಆ ಡ್ರಾಫ್ಟ್‌ನಲ್ಲಿ ಅವರ ಹೆಸರನ್ನು ಒಂದು ತಂಡವೂ ಎತ್ತಲಿಲ್ಲ. ಪಾಸ್ ಎಸೆಯುವುದನ್ನು ಸಲೀಸು ಮಾಡಲು ಎನ್‌ಎಫ್‌ಎಲ್ ತನ್ನ ನಿಯಮ ಬದಲಿಸಿದ್ದೂ ಅದೇ 1978ರಲ್ಲಿ. ಐದು ಗಜ ದಾಟಿದ ಮೇಲೆ ರಿಸೀವರ್‌ನನ್ನು ತಳ್ಳುವಂತಿಲ್ಲ, ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರು ಕೈ ಚಾಚಿ ತಡೆಯಬಹುದು. ಲೀಗ್ ಎಸೆಯುವವರಿಗೆ ಬಾಗಿಲು ತೆರೆದ ವರ್ಷವೇ ಎಸೆಯುವುದರಲ್ಲಿ ಎತ್ತಿದ ಕೈ ಎನಿಸಿದ್ದವರು ಗಡಿ ದಾಟಿ ಹೋದರು.

ಮೂನ್ ಬಗ್ಗೆ ಬರೆಯುವ ಬಹಳ ಜನ ಎಡ್ಮಂಟನ್‌ನ ಆರು ವರ್ಷಗಳನ್ನು ಕಳೆದುಹೋದ ಕಾಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅನ್ಯಾಯ ನಡೆದದ್ದು ನಿಜ, ಅದಕ್ಕೆ ಸಮಜಾಯಿಷಿ ಇಲ್ಲ. ಆದರೆ ಮೂನ್ ಮೂನ್ ಆದದ್ದು ಅಲ್ಲಿಯೇ. ಕೆನಡಾದ ಮೈದಾನ ಆಗ 110 ಗಜ ಉದ್ದ, 65 ಗಜ ಅಗಲವಿತ್ತು. ಅಮೆರಿಕದ್ದು 100 ಗಜ ಉದ್ದ, 53 ಗಜದಷ್ಟು ಅಗಲ. ಹತ್ತು ಗಜ ಮುಂದೆ ಹೋಗಲು ಅಮೆರಿಕದಲ್ಲಿ ನಾಲ್ಕು ಅವಕಾಶವಿದ್ದರೆ ಕೆನಡಾದಲ್ಲಿ ಮೂರೇ. ಎರಡು ಅವಕಾಶದಲ್ಲಿ ಆಗದಿದ್ದರೆ ಮೂರನೆಯದರಲ್ಲಿ ಚೆಂಡನ್ನು ಒದ್ದು ಎದುರಾಳಿಗೆ ಕೊಡುವುದೇ ಹೆಚ್ಚು. ಹಾಗಾಗಿ ಒಂದೊಂದೇ ಗಜ ಓಡಿ ಸವೆಸುತ್ತ ಕೂರುವಂತಿಲ್ಲ, ಎಸೆಯಲೇಬೇಕು. ಅಗಲವಾದ ಮೈದಾನದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಚೆಂಡು ಮುಟ್ಟಿಸಲು ತೋಳಿನಲ್ಲಿ ಕಸುವು ಬೇಕು, ರಿಸೀವರ್ ತಲುಪುವ ಜಾಗವನ್ನು ಬಹಳ ಮುಂಚೆಯೇ ಊಹಿಸುವ ಕಣ್ಣೂ ಬೇಕು. ಅಲ್ಲಿ ಯಾರೂ ಜಾಗ ಬದಲಿಸು ಎನ್ನಲಿಲ್ಲ. ತಪ್ಪು ಮಾಡಿ, ಬೆಂಚಿನಲ್ಲಿ ಕೂತು, ಮತ್ತೆ ಇಳಿದು ಆಡುವ ಸ್ವಾತಂತ್ರ್ಯ ಸಿಕ್ಕಿತು. ಒಬ್ಬ ಕಲಿಯುವ ಆಟಗಾರನಿಗೆ ಇದಕ್ಕಿಂತ ದೊಡ್ಡದು ಏನಿದೆ?

ಕೋಚ್ ಹ್ಯೂ ಕ್ಯಾಂಪ್‌ಬೆಲ್ ಅವಸರ ಮಾಡಲಿಲ್ಲ. ಅನುಭವಿ ಟಾಮ್ ವಿಲ್ಕಿನ್ಸನ್ ಜೊತೆ ಮೂನ್‌ರನ್ನು ಹಂಚಿ ಆಡಿಸಿದರು. 1978ರಿಂದ 1982ರವರೆಗೆ ಸತತ ಐದು ವರ್ಷ ಕೆನಡಾ ಲೀಗ್‌ನ ಪ್ರಶಸ್ತಿ ಗ್ರೇ ಕಪ್ ಎಡ್ಮಂಟನ್‌ನದೇ. 1981ರ ಫೈನಲ್ ನನಗೆ ಅತಿ ಇಷ್ಟ. ಅರ್ಧ ಆಟಕ್ಕೆ ಒಟ್ಟಾವಾ 20-1 ಮುಂದೆ. ಕೆಟ್ಟದಾಗಿ ಆಡುತ್ತಿದ್ದ ಮೂನ್‌ರನ್ನು ಹೊರಗೆ ಕರೆದು ವಿಲ್ಕಿನ್ಸನ್‌ರನ್ನು ಇಳಿಸಿದರು. ಸೈಡ್‌ಲೈನ್‌ನಲ್ಲಿ ನಿಂತು ನೋಡಿದ ಮೂನ್ ಮತ್ತೆ ಇಳಿದಾಗ ಬೇರೆಯೇ ಆಟಗಾರ. ಎಡ್ಮಂಟನ್ 26-23ರಿಂದ ಗೆದ್ದಿತು. 1982ರಲ್ಲಿ ಒಂದೇ ಋತುವಿನಲ್ಲಿ 5,000 ಗಜ ಎಸೆದ ಮೊದಲ ವೃತ್ತಿಪರ ಕ್ವಾರ್ಟರ್‌ಬ್ಯಾಕ್ ಎನಿಸಿದರು. ಮರುವರ್ಷ 5,648. ಈಗ ಅಮೆರಿಕದ ತಂಡಗಳು ಹಣದ ಚೀಲ ಹಿಡಿದು ಬಂದವು.

1984ರಲ್ಲಿ ಹ್ಯೂಸ್ಟನ್ ಆಯಿಲರ್ಸ್ ಸೇರಿದಾಗ ಮೂನ್‌ಗೆ 27 ವರ್ಷ. ಕ್ಯಾಂಪ್‌ಬೆಲ್ ಆಗಲೇ ಅಲ್ಲಿ ಕೋಚ್. ಮೊದಲ ವರ್ಷ 16 ಪಂದ್ಯಗಳಲ್ಲಿ ಗೆದ್ದದ್ದು ಮೂರೇ. ಎರಡನೇ ಋತು ಮುಗಿಯುವ ಮೊದಲೇ ಕ್ಯಾಂಪ್‌ಬೆಲ್ ಹೋದರು. ಮೊದಲ ಮೂರು ವರ್ಷ ಮೂನ್‌ರ ಟಚ್‌ಡೌನ್‌ಗಳಿಗಿಂತ ಎದುರಾಳಿಗಳ ಕೈಸೇರಿದ ಪಾಸುಗಳೇ ಹೆಚ್ಚು. ತಂಡ ದುರ್ಬಲವಾಗಿತ್ತು, ಎಸೆಯಲು ಸಮಯವೇ ಸಿಗುತ್ತಿರಲಿಲ್ಲ. ನಿಧಾನವಾಗಿ ತಂಡ ಕೂಡಿಬಂತು. 1987ರಿಂದ 1993ರವರೆಗೆ ಏಳು ವರ್ಷ ಒಮ್ಮೆಯೂ ತಪ್ಪದೆ ಋತುವಿನ ಕೊನೆಯ ನಾಕೌಟ್ ಹಂತವಾದ ಪ್ಲೇಆಫ್ ತಲುಪಿತು.

1990ರಲ್ಲಿ ಜಾಕ್ ಪಾರ್ಡಿ ಕೋಚ್ ಆಗಿ ಬಂದರು. ಕೆವಿನ್ ಗಿಲ್‌ಬ್ರೈಡ್ ಆಕ್ರಮಣ ನೋಡಿಕೊಂಡರು. ಅವರು ಆಡಿಸಿದ್ದು ರನ್ ಅಂಡ್ ಶೂಟ್ ಪದ್ಧತಿ. ಟೈಟ್ ಎಂಡ್ ಎಂಬ ಗಟ್ಟಿ ಆಳನ್ನು ತೆಗೆದುಹಾಕಿ ನಾಲ್ವರು ಚುರುಕು ರಿಸೀವರ್‌ಗಳನ್ನು ಮೈದಾನದ ಅಗಲಕ್ಕೂ ಹರಡುವುದು. ಯಾವ ದಾರಿ ಹಿಡಿಯಬೇಕೆಂದು ಮೊದಲೇ ಪೂರ್ತಿ ಗೊತ್ತಿರುವುದಿಲ್ಲ. ಎದುರಾಳಿಯ ಕಾವಲು ನಿಂತ ರೀತಿಯನ್ನು ಓಡುತ್ತಲೇ ನೋಡಿ ರಿಸೀವರ್ ತಿರುಗಬೇಕು, ಅದೇ ಕ್ಷಣ ಅದನ್ನೇ ಓದಿ ಕ್ವಾರ್ಟರ್‌ಬ್ಯಾಕ್ ಎಸೆಯಬೇಕು. ಎರಡು ತಲೆ ಒಂದೇ ಯೋಚನೆ ಮಾಡದಿದ್ದರೆ ಚೆಂಡು ಎದುರಾಳಿಯ ಪಾಲು. ಹೇವುಡ್ ಜೆಫೈರ್ಸ್, ಅರ್ನೆಸ್ಟ್ ಗಿವಿನ್ಸ್, ಡ್ರೂ ಹಿಲ್, ಕರ್ಟಿಸ್ ಡಂಕನ್ ಈ ನಾಲ್ವರೊಡನೆ ಮೂನ್ ಅದನ್ನು ಆಡಿದ ರೀತಿಯಲ್ಲಿ ಎಡ್ಮಂಟನ್‌ನ ಅಗಲ ಮೈದಾನದ ಕಲಿಕೆ ನೇರವಾಗಿ ಕಾಣುತ್ತದೆ. ಕರಿಯರಿಗೆ ಯೋಚಿಸಿ ಆಡುವ ಜಾಗ ಒಗ್ಗದು ಎಂದಿದ್ದ ಆಟದಲ್ಲಿ, ಅತಿ ಹೆಚ್ಚು ಯೋಚನೆ ಬೇಡುವ ಪದ್ಧತಿಯನ್ನು ಅವರು ನಡೆಸಿ ತೋರಿಸಿದರು. 1990ರಲ್ಲಿ 4,689 ಗಜ, 33 ಟಚ್‌ಡೌನ್, ಎರಡರಲ್ಲೂ ಲೀಗ್‌ಗೇ ಮೊದಲು. 1991ರಲ್ಲಿ 4,690 ಗಜ.

ಇನ್ನು ಬಫಲೋ ಎದುರಿನ ಪಂದ್ಯ. ಅದನ್ನು ಬಿಟ್ಟು ಮೂನ್ ಬಗ್ಗೆ ಬರೆದರೆ ಓದುಗರಿಗೆ ಮೋಸ. 1993ರ ಜನವರಿ 3, ಪ್ಲೇಆಫ್ ಪಂದ್ಯ. ಮೊದಲರ್ಧದಲ್ಲಿ ಮೂನ್ ಎಸೆದ 22 ಪಾಸುಗಳಲ್ಲಿ 19 ಗುರಿ ಮುಟ್ಟಿದವು, ನಾಲ್ಕು ಟಚ್‌ಡೌನ್. ಹ್ಯೂಸ್ಟನ್ 28-3 ಮುಂದೆ. ಬಿಡುವಿನ ನಂತರ ಹ್ಯೂಸ್ಟನ್‌ನ ಬಬ್ಬಾ ಮ್ಯಾಕ್‌ಡವೆಲ್ ಬಫಲೋದ ಪಾಸ್ ಕಸಿದು ಓಡಿ 35-3 ಮಾಡಿದರು. ಬಫಲೋದಲ್ಲಿ ಗಾಯಗೊಂಡಿದ್ದ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿ ಬದಲಿಗೆ ಇಳಿದಿದ್ದ ಫ್ರಾಂಕ್ ರೈಕ್ ಅಲ್ಲಿಂದ ತಂಡವನ್ನು ಮೇಲೆತ್ತಿದರು. ಮೂರನೇ ಕ್ವಾರ್ಟರ್ ಒಂದರಲ್ಲೇ ಬಫಲೋಗೆ ನಾಲ್ಕು ಟಚ್‌ಡೌನ್. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಅಲ್ಲಿ ಮೂನ್‌ರ ಪಾಸನ್ನು ನೇಟ್ ಓಡಮ್ಸ್ ಕಸಿದರು, ಸ್ಟೀವ್ ಕ್ರಿಸ್ಟಿ ಗೋಲು ಒದ್ದರು, 41-38. 32 ಅಂಕ ಹಿಂದಿದ್ದು ಗೆದ್ದ ಆ ದಾಖಲೆಯನ್ನು ಪ್ಲೇಆಫ್‌ನಲ್ಲಿ ಇಂದಿಗೂ ಯಾರೂ ಮುರಿದಿಲ್ಲ.

ಈ ಸೋಲನ್ನು ಮೂನ್ ಹೆಗಲಿಗೆ ಹೊರಿಸುವವರಿದ್ದಾರೆ. ಅವರು ಆ ದಿನ 371 ಗಜ ಎಸೆದಿದ್ದರು, ತಂಡ 38 ಅಂಕ ಗಳಿಸಿತ್ತು. 38 ಅಂಕ ಗಳಿಸಿಯೂ ಸೋತದ್ದು ಮೊದಲು ಕಾವಲಿನವರ ವೈಫಲ್ಯ. ಪದ್ಧತಿಯದೂ ಒಂದು ದೋಷವಿತ್ತು, ಅದನ್ನು ಒಪ್ಪುತ್ತೇನೆ. ಮುಂದಿರುವಾಗ ಚೆಂಡನ್ನು ಹಿಡಿದು ನಿಧಾನಕ್ಕೆ ಓಡುತ್ತ ಗಡಿಯಾರ ಸವೆಸಲು ಗಟ್ಟಿ ಆಳುಗಳು ಬೇಕು. ರನ್ ಅಂಡ್ ಶೂಟ್‌ನಲ್ಲಿ ಅವರಿರಲಿಲ್ಲ. ಗೆದ್ದ ಪಂದ್ಯವನ್ನು ಮುಗಿಸುವ ದಾರಿ ಆ ಪದ್ಧತಿಗೆ ಗೊತ್ತಿರಲಿಲ್ಲ. ಮುಂದಿನ ಋತುವಿನಲ್ಲಿ ಸತತ 11 ಪಂದ್ಯ ಗೆದ್ದ ಹ್ಯೂಸ್ಟನ್, ಪ್ಲೇಆಫ್‌ನಲ್ಲಿ ಮೊಂಟಾನಾ ಆಡುತ್ತಿದ್ದ ಕ್ಯಾನ್ಸಸ್ ಸಿಟಿಗೆ 28-20ರಲ್ಲಿ ಸೋತಿತು. ಆ ತಂಡದ ಕಥೆ ಅಲ್ಲಿಗೆ ಮುಗಿಯಿತು.

ಮೂನ್‌ರದು ಮುಗಿಯಲಿಲ್ಲ. ಮಿನೆಸೋಟಾದಲ್ಲಿ 1994, 1995ರಲ್ಲಿ ತಲಾ ನಾಲ್ಕು ಸಾವಿರ ಗಜ ದಾಟಿದರು. 1997ರಲ್ಲಿ ಸಿಯಾಟಲ್ ಸೀಹಾಕ್ಸ್‌ಗೆ 25 ಟಚ್‌ಡೌನ್ ಎಸೆದಾಗ ವಯಸ್ಸು ನಲವತ್ತು ತುಂಬಿತ್ತು. ಲೀಗ್‌ನ ತಾರೆಯರು ಆಡುತ್ತಿದ್ದ ಪ್ರೊ ಬೌಲ್ ಪಂದ್ಯದಲ್ಲಿ ಆ ಋತು ಅವರೇ ಶ್ರೇಷ್ಠ ಆಟಗಾರ. ಕಾಲೇಜು ದಿನಗಳಲ್ಲಿ ತನ್ನನ್ನು ಹೀಯಾಳಿಸಿದ ಅದೇ ಊರಿಗೆ ಆಡಿದ ಋತು ಅದು. ಕೊನೆಗೆ ಕ್ಯಾನ್ಸಸ್ ಸಿಟಿಯಲ್ಲಿ ಎರಡು ವರ್ಷ ಇದ್ದು, 44ನೇ ವಯಸ್ಸಿನಲ್ಲಿ ನಿವೃತ್ತಿ. ಎನ್‌ಎಫ್‌ಎಲ್‌ನಲ್ಲಿ 49,325 ಗಜ, 291 ಟಚ್‌ಡೌನ್. ಕೆನಡಾದ 21,228 ಗಜವನ್ನೂ ಸೇರಿಸಿ ಎಪ್ಪತ್ತು ಸಾವಿರ ದಾಟಿದೆ ಎಂದು ಅಭಿಮಾನಿಗಳು ಹೇಳುವುದುಂಟು. ಎರಡು ಲೀಗ್‌ಗಳ ನಿಯಮ ಬೇರೆ, ಮೈದಾನ ಬೇರೆ, ಹಾಗಾಗಿ ಆ ಕೂಡಿಕೆ ನನಗೆ ಒಪ್ಪಿಗೆಯಿಲ್ಲ. ಎರಡು ದೇಶಗಳಲ್ಲಿ ಎರಡು ಬೇರೆ ಆಟಗಳನ್ನು ಮೇಲ್ಮಟ್ಟದಲ್ಲಿ ಆಡಿದ ಮನುಷ್ಯನನ್ನು ಒಂದು ಸಂಖ್ಯೆಗೆ ಇಳಿಸುವುದು ಯಾಕೆ? 2001ರಲ್ಲಿ ಕೆನಡಾದ ಹಾಲ್ ಆಫ್ ಫೇಮ್, 2006ರಲ್ಲಿ ಓಹಾಯೋದ ಕ್ಯಾಂಟನ್‌ನಲ್ಲಿರುವ ಅಮೆರಿಕದ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡವು. ಆಧುನಿಕ ಕಾಲದಲ್ಲಿ ಕ್ಯಾಂಟನ್ ಸೇರಿದ ಮೊದಲ ಕರಿಯ ಕ್ವಾರ್ಟರ್‌ಬ್ಯಾಕ್ ಅವರೇ.

2023ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಪ್ಯಾಟ್ರಿಕ್ ಮಹೋಮ್ಸ್ ಮತ್ತು ಜೇಲನ್ ಹರ್ಟ್ಸ್ ಎದುರುಬದುರಾದರು. ಎರಡೂ ಕಡೆ ಕರಿಯ ಕ್ವಾರ್ಟರ್‌ಬ್ಯಾಕ್‌ಗಳು ಆರಂಭದಿಂದ ಆಡಿದ ಮೊದಲ ಸೂಪರ್ ಬೌಲ್ ಅದು. ಮಹೋಮ್ಸ್ ಆಟ ನೋಡಿ ಬೆರಗಾಗುವ ಹೊಸ ಪೀಳಿಗೆಯವರು ಮೂನ್‌ರ ಹಳೆಯ ದೃಶ್ಯಗಳನ್ನೂ ಹುಡುಕಿ ನೋಡಲಿ ಎಂಬುದು ನನ್ನ ಆಸೆ. ಬಫಲೋ ಪಂದ್ಯದಿಂದ ಶುರು ಮಾಡಬೇಡಿ. 1990ರ ಡಿಸೆಂಬರ್ 16ರಂದು ಕ್ಯಾನ್ಸಸ್ ಸಿಟಿಯಲ್ಲಿ ನಡೆದ ಪಂದ್ಯ ನೋಡಿ. ಆ ದಿನ ಮೂನ್ ಎಸೆದದ್ದು 527 ಗಜ. ಅದಕ್ಕೂ ಮೊದಲು ಅಷ್ಟು ದಾಟಿದ್ದವರು ಒಬ್ಬರೇ, 1951ರಲ್ಲಿ 554 ಗಜ ಎಸೆದ ನಾರ್ಮ್ ವ್ಯಾನ್ ಬ್ರಾಕ್ಲಿನ್. ಜೆಫೈರ್ಸ್ ಒಬ್ಬರೇ 245 ಗಜ ಹಿಡಿದರು. ನೋಡುವಾಗ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಮೊದಲು ಮೂನ್‌ರ ಕಾಲು ನೋಡಿ, ಆಮೇಲೆ ಭುಜ ನೋಡಿ. ರಿಸೀವರ್ ಇನ್ನೂ ತಿರುಗಿರುವುದೇ ಇಲ್ಲ, ಚೆಂಡು ಆಗಲೇ ಅವರ ಕೈ ಬಿಟ್ಟಿರುತ್ತದೆ.