ಸೊಂಟದ ಹಗ್ಗ ಮರೆತ ಸುಧಾರಣೆ

ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲೇ ತೆಂಗಿನ ಮರ ಹತ್ತುವ ಕೆಲಸ ಒಂದೊಂದು ಕಡೆ ಒಂದೊಂದು ತೆರ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಮರಗಳು ಗದ್ದೆ ಬದುವಿನ ಮೇಲೆ ಸಾಲಾಗಿ ನಿಂತಿರುತ್ತವೆ. ಬುಡ ಸದಾ ಹಸಿ, ಕಾಲೂರಲು ಜಾಗ ಕಡಿಮೆ. ಕೆ.ಆರ್. ಪೇಟೆ, ನಾಗಮಂಗಲದಲ್ಲಿ ಹೇಮಾವತಿ ನೀರು ತಲುಪದ ಕಡೆಯೆಲ್ಲ ಬೋರ್‌ವೆಲ್ ನಂಬಿದ ತೋಟಗಳು. ನೆಲ ಗಟ್ಟಿ, ಮರ ಎತ್ತರ. ಒಣಗಿದ ಕಾಯಿಯಾದರೆ ದೋಟಿಯಲ್ಲಿ ಕೆಡವಬಹುದು. ಮದ್ದೂರಿನ ಮಾರುಕಟ್ಟೆಗೆ ಹೋಗುವ ಎಳನೀರು ಹಾಗಲ್ಲ. ಮೇಲಿನಿಂದ ಬಿದ್ದರೆ ಒಡೆಯುತ್ತದೆ. ಗೊನೆಗೆ ಹಗ್ಗ ಕಟ್ಟಿ, ಮಚ್ಚಿನಿಂದ ಕಡಿದು, ಮೆಲ್ಲಗೆ ಇಳಿಸಬೇಕು. ಒಂದು ಕೈ ಮಚ್ಚಿಗೆ, ಇನ್ನೊಂದು ಕೈ ಹಗ್ಗಕ್ಕೆ. ಮರ ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ. ಮರ ಹತ್ತುವ ಯಂತ್ರವನ್ನಾಗಲಿ, ಅದಕ್ಕೆ ಮಾಡುವ ಯಾವುದೇ ಮಾರ್ಪಾಡನ್ನಾಗಲಿ ತೂಗಿ ನೋಡಬೇಕಾದದ್ದು ಈ ಜಾಗದಲ್ಲಿ ನಿಂತು. ಎಷ್ಟು ಬೇಗ ಹತ್ತಿಸಿತು ಎಂಬುದು ಆಮೇಲಿನ ಮಾತು.

ಯಂತ್ರ ಬರುವ ಮುಂಚಿನ ಒಂದು ರೂಢಿಯನ್ನು ಮೊದಲು ಬದಿಗಿಡೋಣ. ಹತ್ತಲು ಸುಲಭವಾಗಲೆಂದು ಕಾಂಡಕ್ಕೆ ಮಚ್ಚಿನಿಂದ ಕಚ್ಚು ಹಾಕಿ ಮೆಟ್ಟಿಲು ಮಾಡುವುದುಂಟು. ಇದಕ್ಕಿಂತ ಅಗ್ಗದ ಸುಧಾರಣೆ ಇಲ್ಲ; ಇದಕ್ಕಿಂತ ಕೆಟ್ಟದ್ದೂ ಇಲ್ಲ. ಮಾವು, ಹಲಸಿನ ಗಾಯದಂತೆ ತೆಂಗಿನ ಗಾಯ ಮಾಯುವುದಿಲ್ಲ. ಹುಲ್ಲು, ಬಿದಿರಿನ ಹಾಗೆ ಇದು ಏಕದಳ ಸಸ್ಯ. ಹೊಸ ತೊಗಟೆ, ಹೊಸ ಮರ ಕಟ್ಟುವ ಪದರವೇ ಇದರ ಕಾಂಡದಲ್ಲಿಲ್ಲ. ಇಂದು ಹಾಕಿದ ಕಚ್ಚು ಮರ ಇರುವಷ್ಟು ಕಾಲವೂ ತೆರೆದೇ ಇರುತ್ತದೆ. ಅದರಲ್ಲಿ ಮಳೆನೀರು ನಿಲ್ಲುತ್ತದೆ, ಕೆಂಪು ಮೂತಿ ಹುಳು ಮೊಟ್ಟೆಯಿಡುತ್ತದೆ, ಕಾಂಡದಿಂದ ರಸ ಸೋರುವ ರೋಗಕ್ಕೂ ದಾರಿಯಾಗುತ್ತದೆ. ಹತ್ತುವವನ ಅನುಕೂಲಕ್ಕೆ ಮಾಡಿದ ಮೆಟ್ಟಿಲು ಕೊನೆಗೆ ಅವನನ್ನೇ ಟೊಳ್ಳಾದ ಮರದ ಮೇಲೆ ನಿಲ್ಲಿಸುತ್ತದೆ.

ಈಗ ಬಳಕೆಯಲ್ಲಿರುವ ಯಂತ್ರ ಹೆಚ್ಚಾಗಿ ಕಣ್ಣೂರು ಜಿಲ್ಲೆಯ ಚೆಂಬೇರಿಯ ಮಾದರಿ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರುಮಾಡಿದ ತೆಂಗಿನ ಮರದ ಸ್ನೇಹಿತರ ತರಬೇತಿಯಲ್ಲಿ, ಆರು ದಿನ ಕಲಿತವರ ಕೈಗೆ ಯಂತ್ರವನ್ನೂ ಕೊಡುವ ಏರ್ಪಾಡು ಬಂತು. ಎಡಗಾಲಿಗೊಂದು, ಬಲಗಾಲಿಗೊಂದು ಕಬ್ಬಿಣದ ಚೌಕಟ್ಟು. ಪ್ರತಿಯೊಂದರಿಂದಲೂ ಹೊರಟ ತಂತಿಹಗ್ಗ ಕಾಂಡವನ್ನು ಬಳಸಿಬರುತ್ತದೆ. ಮೆಟ್ಟಿದಾಗ ಮೈಭಾರಕ್ಕೆ ಹಗ್ಗ ಬಿಗಿಯುತ್ತದೆ, ಕಾಲೆತ್ತಿದಾಗ ಸಡಿಲವಾಗುತ್ತದೆ. ಮರ ಹತ್ತುವುದು ಗೊತ್ತೇ ಇಲ್ಲದವರನ್ನೂ, ಹೆಂಗಸರನ್ನೂ ಈ ಕೆಲಸಕ್ಕೆ ತಂದ ಉಪಕರಣ ಇದು. ಆ ಕೀರ್ತಿ ಅದಕ್ಕೆ ಸಲ್ಲಲೇಬೇಕು. ಆದರೆ ಅದರ ಹಗ್ಗ ಬಳಸಿರುವುದು ಮರವನ್ನು. ಮೇಲೆ ನಿಂತವನು ಸೊಂಟಕ್ಕೆ ಬೇರೆ ಪಟ್ಟಿ ಕಟ್ಟಿಕೊಳ್ಳದಿದ್ದರೆ, ಕೈ ತಪ್ಪಿದ ಗಳಿಗೆಯಲ್ಲಿ ಅವನನ್ನು ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದಾದ ಮಾರ್ಪಾಡುಗಳನ್ನು ಈ ದೃಷ್ಟಿಯಿಂದ ನೋಡಬೇಕು. ಮೆಟ್ಟುವ ತಟ್ಟೆಯನ್ನು ಅಗಲ ಮಾಡಿದರೆ ಪಾದ ನೋಯುವುದಿಲ್ಲ, ಗೊನೆ ಕಡಿಯುವಷ್ಟು ಹೊತ್ತು ನಿಲ್ಲಲೂ ಹಿತ. ಇದು ಒಳ್ಳೆಯದೇ. ತಂತಿಹಗ್ಗದ ಮೇಲೆ ರಬ್ಬರು ಕೊಳವೆ ತೊಡಿಸಿದರೆ ಪಾಚಿಗಟ್ಟಿದ ಕಾಂಡದ ಮೇಲೆ ಜಾರುವುದು ಕಡಿಮೆಯಾದೀತು. ಇಲ್ಲಿ ತುಸು ಹತ್ತಿರದಿಂದ ನೋಡಬೇಕು. ತಂತಿಹಗ್ಗ ಒಮ್ಮೆಲೇ ತುಂಡಾಗುವುದು ಅಪರೂಪ. ಕೊಕ್ಕೆಯ ಬಳಿ, ದಿನವೂ ಮಡಚುವ ಜಾಗದಲ್ಲಿ, ಒಂದೊಂದೇ ಎಳೆ ಕಿತ್ತು ಮುಳ್ಳಿನಂತೆ ಹೊರಗೆ ನಿಲ್ಲುತ್ತದೆ. ಆ ಮುಳ್ಳು ಕೈಗೆ ಚುಚ್ಚುವುದೇ ಎಚ್ಚರಿಕೆ. ಬಿಗಿಯಾದ ಕೊಳವೆ ಅದನ್ನು ಮುಚ್ಚಿಬಿಡುತ್ತದೆ. ಒಳಗೆ ನೀರು ನಿಂತು ತುಕ್ಕೂ ಹಿಡಿಯುತ್ತದೆ. ಕೊಳವೆ ಬೇಕೇ ಬೇಕಾದರೆ ಉದ್ದಕ್ಕೆ ಸೀಳಿದ್ದು, ಬಿಚ್ಚಿ ನೋಡಲು ಬರುವಂಥದ್ದು ಇರಲಿ. ಕಾಂಡ ಮೇಲೆ ಹೋದಂತೆ ಸಣ್ಣಗಾಗುವುದರಿಂದ ಬುಡದಲ್ಲಿ ಅಳತೆಗೆ ಕೂತ ಕುಣಿಕೆ ತುದಿಯಲ್ಲಿ ಸಡಿಲವಾಗಿ ತಟ್ಟೆ ಕೆಳಕ್ಕೆ ವಾಲುತ್ತದೆ. ಹತ್ತುತ್ತಲೇ ಕುಣಿಕೆಯನ್ನು ಚಿಕ್ಕದು ಮಾಡಿಕೊಳ್ಳುವ ಏರ್ಪಾಡು ಬೇಕೆನ್ನುವುದು ಸರಿ. ಆದರೆ ಹಾಗೆ ಮಾಡಲು ಕೈ ಬಿಡಬೇಕು, ಕೈ ಬಿಡಲು ಸೊಂಟಕ್ಕೆ ಹಗ್ಗ ಇರಬೇಕು. ಎಲ್ಲಿಂದ ಹೊರಟರೂ ಮಾತು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಮರ ಏರುವವರದೂ ಇದೇ ಸಮಸ್ಯೆ: ತುದಿಯಲ್ಲಿ ಎರಡೂ ಕೈ ಖಾಲಿ ಇರಬೇಕು. ಬೇಟೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ, ಅದು ನಮಗೆ ಬೇಡ. ಅವರ ಹಗ್ಗದ ವಿದ್ಯೆ ಬೇಕು. ಅವರಲ್ಲಿ ಕೆಲವರು ಸೊಂಟ, ತೊಡೆಗಳನ್ನು ಹೊರುವ ಜೋಲಿಯಂಥ ಪಟ್ಟಿ ತೊಟ್ಟು ಮರಕ್ಕೆ ತೂಗಿಕೊಂಡೇ ಕೂರುತ್ತಾರೆ. ಹತ್ತುವ ಮೆಟ್ಟಿಲನ್ನು ಹಗುರ ಮಾಡಲು, ಹಗ್ಗದ ಪಾವಟಿಗೆ ಸೇರಿಸಲು ಅವರೂ ನಾನಾ ಪ್ರಯೋಗ ಮಾಡುತ್ತಾರೆ. ಆದರೆ ಅವರ ಸುರಕ್ಷತಾ ಪಾಠದ ಮೊದಲ ನಿಯಮ ಬೇರೆ: ಕಾಲು ನೆಲ ಬಿಟ್ಟಾಗಿನಿಂದ ಮರಳಿ ನೆಲ ಮುಟ್ಟುವವರೆಗೆ ಮೈ ಮರಕ್ಕೆ ಕಟ್ಟಿರಬೇಕು. ಅಡ್ಡಿ ಎದುರಾದರೆ ಎರಡನೆಯ ಹಗ್ಗವನ್ನು ಅದರ ಮೇಲೆ ಬಳಸಿ ಕಟ್ಟಿದ ಮೇಲೆಯೇ ಮೊದಲನೆಯದನ್ನು ಬಿಚ್ಚುತ್ತಾರೆ.

ಈ ನಿಯಮವನ್ನು ನಮ್ಮ ತೋಟಗಳಿಗೆ ತರುವುದಕ್ಕೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಒಣಮಟ್ಟೆಗೆ ಸಿಕ್ಕಿಕೊಳ್ಳುವ ಪಟ್ಟಿ ತೊಡಕು ಎನ್ನುತ್ತಾರೆ. ಅದಕ್ಕೆ ಉತ್ತರ ಆ ಎರಡನೆಯ ಹಗ್ಗ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ, ಕೂತು ಹತ್ತುವ ಮಾದರಿ ಇದೆಯಲ್ಲ ಎನ್ನಬಹುದು. ಅದರಲ್ಲಿ ಭಯ ಕಡಿಮೆ ನಿಜ. ಆದರೆ ಅದರ ಭಾರ ಹೊತ್ತು ಗದ್ದೆ ಬದುವಿನ ಮೇಲೆ ಮರದಿಂದ ಮರಕ್ಕೆ ಓಡಾಡುವುದು ಕಷ್ಟ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಗಣಪತಿ ಭಟ್ಟರ, 2019ರಲ್ಲಿ ಹೆಸರಾದ, ಮರ ಹತ್ತುವ ಎಂಜಿನ್ ಬೈಕು ದೊಡ್ಡ ಸಾಧನೆಯೇ; ಆದರೆ ಅದು ಹುಟ್ಟಿದ್ದು ಅಡಿಕೆಯ ಸಣ್ಣ ಕಾಂಡಕ್ಕಾಗಿ. ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಕೂಲಿಯದು. ಮರಕ್ಕಿಷ್ಟು ಎಂದು ದುಡ್ಡು ಕೊಡುವಾಗ, ಹಗ್ಗ ಕಟ್ಟಿ ಬಿಚ್ಚುವ ಪ್ರತಿ ನಿಮಿಷವೂ ಹತ್ತುವವನ ಜೇಬಿನಿಂದಲೇ ಹೋಗುತ್ತದೆ. ಬರಿಗಾಲಲ್ಲಿ ಹತ್ತುವವನು ಅಷ್ಟು ಹೊತ್ತಿಗೆ ಇನ್ನೊಂದು ಮರ ಮುಗಿಸಿರುತ್ತಾನೆ. ಹೀಗಿರುವಾಗ ಪಟ್ಟಿ ತೊಡದವನನ್ನು ಉಡಾಫೆಯವನು ಎನ್ನುವುದು ಅನ್ಯಾಯ. ಅವನು ಲೆಕ್ಕ ಸರಿಯಾಗಿಯೇ ಹಾಕಿದ್ದಾನೆ. ಆ ಲೆಕ್ಕದಲ್ಲಿ ಅವನ ಜೀವಕ್ಕೆ ಬೆಲೆ ಇಡದವರು ತೋಟದವರು ಮತ್ತು ಗೊನೆ ಕೊಳ್ಳುವ ವ್ಯಾಪಾರಿಗಳು. ಮಂಡಳಿಯ ಕೇರ ಸುರಕ್ಷಾ ವಿಮೆ ಬೇಕೇ ಬೇಕು, ಆದರೆ ಅದು ಕೆಲಸಕ್ಕೆ ಬರುವುದು ಬಿದ್ದ ಮೇಲೆ.

ಹಾಗಾಗಿ ನನ್ನ ತೀರ್ಪು ಇದು: ಸೊಂಟದ ಪಟ್ಟಿ ಮತ್ತು ಎರಡು ಹಗ್ಗ ಯಂತ್ರದ ಜೊತೆಗೇ ಬರಬೇಕು, ಅವಿಲ್ಲದೆ ತಟ್ಟೆ, ಕೊಳವೆ, ಕುಣಿಕೆಗೆ ಮಾಡುವ ಯಾವ ಮಾರ್ಪಾಡನ್ನೂ ಸುಧಾರಣೆ ಎನ್ನಲಾಗದು. ಹಗ್ಗ ಕಟ್ಟಿ ಹತ್ತಿದ ಮರಕ್ಕೆ ಕೂಲಿಯೂ ಹೆಚ್ಚಿರಬೇಕು. ನಾಲ್ಕೂ ತಾಲ್ಲೂಕುಗಳ ತೋಟದವರಲ್ಲಿ ಒಂದು ಕೋರಿಕೆ. ಮುಂದಿನ ಸಲ ಗೊನೆ ಇಳಿಸಲು ಬಂದವರ ಹತ್ತಿರ ಎಷ್ಟು ಮರ ಮುಗಿಸುತ್ತೀರಿ ಎಂದು ಕೇಳುವ ಮೊದಲು, ಆ ರಬ್ಬರು ಕೊಳವೆ ಬಿಚ್ಚಿಸಿ ತಂತಿಯ ಎಳೆ ನೋಡಿ; ಸೊಂಟದ ಹಗ್ಗ ಇಲ್ಲದಿದ್ದರೆ ನೀವೇ ತಂದುಕೊಡಿ.