ಕೊಳೆ ಹೋದ ಮೇಲೆ ಉಳಿಯುವುದೇನು?

ಹೊಳೆನರಸೀಪುರಕ್ಕೆ ಹೆಸರಿನಲ್ಲೇ ಹೊಳೆಯಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರುಗಳಿಗೆ ಕಾವೇರಿಯಿದೆ. ಚನ್ನರಾಯಪಟ್ಟಣದ ಕಡೆ ಬಂದರೆ ಕೆರೆ, ಬಾವಿ. ಹಾಗಾಗಿ ಹಾಸನ ಸೀಮೆಯಲ್ಲಿ ಬಟ್ಟೆ ಒಗೆಯುವುದು ಎಲ್ಲ ಕಡೆಯೂ ಒಂದೇ ಕೆಲಸವಾಗಿರಲಿಲ್ಲ. ಹೊಳೆಯ ನೀರು ತಾನೇ ಹರಿದು ಕೊಳೆ ಒಯ್ಯುತ್ತದೆ. ಬಾವಿಕಟ್ಟೆಯಲ್ಲಿ ಜಾಲಿಸುವ ಪ್ರತಿ ಸಲಕ್ಕೂ ಬಿಂದಿಗೆ ಸೇದಬೇಕು. ಬಟ್ಟೆ ಕಲ್ಲು ಮುಟ್ಟುವ ಮೊದಲೇ ರಟ್ಟೆ ಸೋತಿರುತ್ತದೆ.

ಈ ಸೀಮೆ ಕನ್ನಡಕ್ಕೆ ದೊಡ್ಡ ಗದ್ಯ ಕೊಟ್ಟಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿಯ ದಡದವರು. ಸಂತೇಶಿವರದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ಬಡ ಹೆಣ್ಣಿನ ದುಡಿಮೆಯ ಕಾದಂಬರಿಯೇ. ಅದನ್ನು ಓದಿದವರಿಗೆ ನಂಜಮ್ಮ ಶ್ಯಾನುಭೋಗಿಕೆಯ ಲೆಕ್ಕ ಬರೆದದ್ದು, ಮುತ್ತುಗದೆಲೆ ಹಚ್ಚಿದ್ದು ನೆನಪಿರುತ್ತದೆ. ಅವಳು ಒಗೆದ ಬಟ್ಟೆ ಯಾರಿಗೆ ನೆನಪಿದೆ? ಈ ಮರೆವು ಓದುಗರದ್ದಷ್ಟೇ ಅಲ್ಲ, ಕಥೆಯ ಸ್ವಭಾವದ್ದೂ ಹೌದು. ಲೆಕ್ಕ ಕಾಗದದಲ್ಲಿ ಉಳಿಯುತ್ತದೆ, ಎಲೆ ಕಟ್ಟು ಕಟ್ಟಾಗಿ ಮಾರಾಟಕ್ಕೆ ಹೋಗುತ್ತದೆ. ಒಗೆತದ ಫಲವೆಂದರೆ ಕೊಳೆ ಇಲ್ಲದಿರುವುದು, ಅಷ್ಟೆ. ನಾಳೆ ಅದೇ ಬಟ್ಟೆ ಮತ್ತೆ ಕೊಳೆ. ಮೊದಲು, ಕೊನೆ ಕೇಳುವ ಕಥೆಗೆ ಇದು ಸುಲಭವಾಗಿ ಸಿಕ್ಕುವುದಿಲ್ಲ.

ಭಾಷೆ ಮಾತ್ರ ಮರೆತಿಲ್ಲ. ‘ಮಡಿ’ ಎಂದರೆ ಒಗೆದ ಬಟ್ಟೆ; ಮಡಿ ಮಾಡುವವನು ಮಡಿವಾಳ. ಅದೇ ಮಾತು ಆಚಾರದ ಶುದ್ಧಿಗೂ ಸಂದಿದೆ. ಚೌಳು ಮಣ್ಣಿನಲ್ಲಿ ನೆನೆಸಿ, ಉಬ್ಬೆಗೆ ಹಾಕಿ, ಕಲ್ಲಿಗೆ ಸೆಣೆದು ಬೆಳ್ಳಗಾಗಿಸಿದ ಪಂಚೆಯನ್ನು ಆಚಾರವಂತರ ಮನೆಯಲ್ಲಿ ಇನ್ನೊಮ್ಮೆ ನೀರಿನಲ್ಲಿ ಅದ್ದಿ ಹಿಂಡಿದ ಮೇಲೆಯೇ ‘ಮಡಿ’ ಎನ್ನುತ್ತಿದ್ದರು. ಕೊಳೆ ತೆಗೆದ ಕೈಯನ್ನೇ ಮೈಲಿಗೆ ಎಂದ ವ್ಯವಸ್ಥೆ ಈ ಎರಡಕ್ಷರದಲ್ಲಿ ಸಿಕ್ಕಿಬಿದ್ದಿದೆ.

ಒಗೆಯುವವನೇ ಮಾತಾಡಿದಾಗ ಚಿತ್ರ ಬದಲಾಗುತ್ತದೆ. 12ನೆಯ ಶತಮಾನದ ಮಡಿವಾಳ ಮಾಚಿದೇವ ಶರಣರ ಬಟ್ಟೆಯನ್ನಷ್ಟೇ ಒಗೆಯುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಇದನ್ನು ಭಕ್ತಿಯ ಕಥೆಯಾಗಿ ಓದುವುದು ರೂಢಿ. ನನಗೆ ಅದು ‘ಒಲ್ಲೆ’ ಎನ್ನುವ ಹಕ್ಕಿನ ಕಥೆ: ಯಾರ ಕೊಳೆ ತೊಳೆಯಬೇಕೆಂದು ತೊಳೆಯುವವನೇ ತೀರ್ಮಾನಿಸಿದ. ಮನೆಯ ಹೆಣ್ಣಿಗಾಗಲಿ ಊರಿನ ಮಡಿವಾಳರಿಗಾಗಲಿ ಅಂಥ ಹಕ್ಕನ್ನು ಊರು ಕೊಟ್ಟಿರಲಿಲ್ಲ.

ಈಗ ಹಳೆಯ ಕಾಲದ ಒಗೆತವನ್ನು ನೆನೆದು ಬರೆಯುವವರು ಅಂಟುವಾಳದ ನೊರೆ, ಮರಳ ಮೇಲೆ ಒಣಗುವ ಸೀರೆ, ಹೆಂಗಸರ ಹರಟೆ ಎನ್ನುತ್ತಾರೆ. ಅದು ಸುಳ್ಳಲ್ಲ, ಮನೆಯಿಂದ ಹೊರಬರಲು ಹಲವರಿಗೆ ಸಿಗುತ್ತಿದ್ದದ್ದು ಅದೊಂದೇ ಹೊತ್ತು. ಆದರೂ ಅಂಥ ಬರಹ ಓದುವಾಗ ಒಂದು ಮಾತು ಕೇಳಿಕೊಳ್ಳಬೇಕು: ಬಟ್ಟೆ ಯಾರದ್ದು, ಒಗೆದವರು ಯಾರು? ಬರೆದವರು ದಡದಲ್ಲಿ ಕೂತಿದ್ದರೋ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರೋ ಎಂಬುದು ವಾಕ್ಯದಲ್ಲೇ ತಿಳಿಯುತ್ತದೆ. ಕೂತವರಿಗೆ ನೊರೆ ಕಾಣುತ್ತದೆ. ನಿಂತವರಿಗೆ ಒದ್ದೆ ಜಮಖಾನದ ತೂಕ ಗೊತ್ತಿರುತ್ತದೆ.