ಶಾಂಘೈ ಪಿಸ್ತೂಲು, 666 ಕಾಳಗಗಳು ಮತ್ತು ನನ್ನದೊಂದು ತಪ್ಪು

ಹಿಂದಿನ ಎಪಿಸೋಡ್ ಕೇಳಿದ್ದರೆ ನಿಮಗೆ ನೆನಪಿರಬಹುದು. ‘ಶೂಟಿಂಗ್ ಟು ಲಿವ್’ ಅನ್ನೋ ಹಳೇ ಪುಸ್ತಕದ ಅಂಕಿಗಳನ್ನು ಹೇಳಿ, "ಡೇಟಾ ಅಂದ್ರೆ ಹೀಗಿರಬೇಕು ನೋಡಿ" ಅಂದಿದ್ದೆ. ಆ ಮಾತನ್ನು ಈಗ ವಾಪಸ್ ತಗೋತಿದೀನಿ.

ವಿಷಯ ಶುರುವಾಗಿದ್ದು ಸ್ಯಾನ್ ಡಿಯಾಗೋದಲ್ಲಿ. ನಾನಿರೋದು ಲಾಸ್ ಏಂಜಲೀಸ್‌ನಲ್ಲಿ. ಟ್ರಾಫಿಕ್ ಕೃಪೆ ಮಾಡಿದರೆ ಎರಡು ಗಂಟೆ ದಾರಿ. ಅಲ್ಲಿರೋ ಕೊಡಗಿನ ಗೆಳೆಯನಿಗೆ ಹಳೇ ಪಿಸ್ತೂಲು ಸಂಗ್ರಹಿಸೋ ಹುಚ್ಚು. ಊಟಕ್ಕೆ ಮುಂಚೆ ಒಂದು ಪೆಟ್ಟಿಗೆ ತೆಗೆದು ತೋರಿಸಿದ. ಕೋಲ್ಟ್ ಕಂಪನಿಯ 1908ರ ಮಾದರಿ, ಪಾಯಿಂಟ್ 380, ಅಂಗೈಯಷ್ಟೇ ದೊಡ್ಡದು. ಮೇಲೆ ಎಸ್.ಎಂ.ಪಿ. ಅಂತ ಗುರುತು, ಪಕ್ಕದಲ್ಲೊಂದು ನಂಬರು. ಅಂದರೆ ಶಾಂಘೈ ಮುನಿಸಿಪಲ್ ಪೊಲೀಸ್. ಶಾಂಘೈನ ಇಂಟರ್‌ನ್ಯಾಷನಲ್ ಸೆಟಲ್‌ಮೆಂಟಿನಲ್ಲಿ 1854ರಿಂದ 1943ರವರೆಗೆ ಇದ್ದ ಪಡೆ ಅದು. ಅಧಿಕಾರಿಗಳು ಹೆಚ್ಚಾಗಿ ಬ್ರಿಟಿಷರು, ಪೇದೆಗಳಲ್ಲಿ ಹೆಚ್ಚಿನವರು ಚೀನೀಯರು, ಜೊತೆಗೆ ಪಂಜಾಬಿನಿಂದ ಹೋದ ಸಿಖ್ಖರು.

ಸೇಫ್ಟಿ ಕ್ಯಾಚ್ ಅಲುಗಾಡಲಿಲ್ಲ. "ಕೆಟ್ಟಿದೆಯಾ?" ಅಂದೆ.

"ಕೆಟ್ಟಿಲ್ಲ ಮಾರಾಯ, ಅದೇ ಅದರ ಜಾತಕ" ಅಂದ.

ಆ ಪಡೆಯವರು ಸೇಫ್ಟಿಗೆ ಪಿನ್ ಹೊಡೆದು, ಅದು ಕೆಲಸವೇ ಮಾಡದ ಹಾಗೆ ಮಾಡ್ತಿದ್ದರು. ಮ್ಯಾಗಜಿನ್ ತುಂಬಿರತ್ತೆ, ಚೇಂಬರ್ ಖಾಲಿ. ಹೊರಗೆ ತೆಗೆದ ತಕ್ಷಣ ಸ್ಲೈಡ್ ಎಳೆದರೆ ಗುಂಡು ಒಳಗೆ ಬರತ್ತೆ. ಗಾಬರಿಯಲ್ಲಿ ಸೇಫ್ಟಿ ಹುಡುಕೋ ಕೆಲಸ ಇಲ್ಲ. ಮೇಲಿನ ಅಕ್ಷರಗಳನ್ನು ಯಾರು ಬೇಕಾದರೂ ಕೆತ್ತಿಸಬಹುದು. ಅದಕ್ಕೇ ಸಂಗ್ರಾಹಕರು ಪಿನ್ ನೋಡ್ತಾರೆ, ಸೀರಿಯಲ್ ನಂಬರ್ ನೋಡ್ತಾರೆ, ಆಮೇಲೆ ಕೋಲ್ಟ್ ಕಂಪನಿಗೇ ಬರೆದು ಈ ಪಿಸ್ತೂಲು ಯಾವಾಗ, ಎಲ್ಲಿಗೆ ಹೋಯಿತು ಅಂತ ಪತ್ರ ತರಿಸ್ತಾರೆ. ಮೂರೂ ತಾಳೆಯಾದರೆ ಮಾತ್ರ ಬೆಲೆ.

ಈ ಪದ್ಧತಿಯನ್ನೆಲ್ಲ ವಿವರಿಸಿರೋದು ಫೇರ್‌ಬೇರ್ನ್ ಮತ್ತು ಸೈಕ್ಸ್ 1942ರಲ್ಲಿ ತಂದ ‘ಶೂಟಿಂಗ್ ಟು ಲಿವ್’. ಚಿಕ್ಕ ಪುಸ್ತಕ, ಚೆನ್ನಾಗಿದೆ. ಭಯದ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಬರೆದ ಪೊಲೀಸರು ಕಡಿಮೆ. ನಿಜವಾದ ಕಾಳಗ ನಡೆಯೋದು ಕೆಲವೇ ಅಡಿ ದೂರದಲ್ಲಿ, ಕತ್ತಲೆಯಲ್ಲಿ, ಮೈ ತಾನಾಗೇ ಕುಗ್ಗಿರುವಾಗ. ಅಂಥ ಹೊತ್ತಲ್ಲಿ ಗುರಿ ಸ್ಪರ್ಧೆಯ ಮೆಡಲ್ ಪ್ರಯೋಜನಕ್ಕೆ ಬರೋದಿಲ್ಲ. ಈ ಮಾತುಗಳಲ್ಲಿ ಅನುಭವದ ತೂಕ ಇದೆ.

ತಕರಾರು ಇರೋದು ಅಂಕಿಗಳ ಬಗ್ಗೆ. ಹನ್ನೆರಡೂವರೆ ವರ್ಷದಲ್ಲಿ 666 ಸಶಸ್ತ್ರ ಕಾಳಗ. ಪೊಲೀಸರಲ್ಲಿ ಸತ್ತವರು 42, ಗಾಯಗೊಂಡವರು 100. ಅಪರಾಧಿಗಳಲ್ಲಿ ಸತ್ತವರು 260, ಗಾಯಗೊಂಡವರು 193. ಒಬ್ಬ ಪೊಲೀಸನಿಗೆ ಆರು ಅಪರಾಧಿಗಳು. ನೋಡಿ ನಮ್ಮ ತರಬೇತಿಯ ಫಲ, ಅನ್ನೋ ಧಾಟಿ.

ನೀವೇ ಒಂದು ಭಾಗಾಕಾರ ಮಾಡಿ. ಗುಂಡು ತಗುಲಿದ ಪೊಲೀಸರಲ್ಲಿ ಸತ್ತವರು ಸುಮಾರು ನೂರಕ್ಕೆ 30. ಅಪರಾಧಿಗಳಲ್ಲಿ ನೂರಕ್ಕೆ 57. ಯಾಕೆ? ಪೊಲೀಸರು ಹೆಚ್ಚು ಗುಂಡು ಹೊಡೆದಿರಬಹುದು. ಗಾಯಗೊಂಡ ಪೊಲೀಸನಿಗೆ ಬೇಗ ಆಸ್ಪತ್ರೆ ಸಿಕ್ಕಿರಬಹುದು. ಇಲ್ಲವೇ, ಗಾಯ ಹೊತ್ತು ಗಲ್ಲಿಯೊಳಗೆ ಓಡಿಹೋದವನು ಯಾರ ಪಟ್ಟಿಗೂ ಸೇರಿರಲಿಕ್ಕಿಲ್ಲ. ಹೆಣ ಓಡಿಹೋಗಲ್ಲ, ಅದು ಲೆಕ್ಕಕ್ಕೆ ಸಿಗತ್ತೆ. ಈ ತರಬೇತಿ ಬರುವ ಮುಂಚಿನ ಲೆಕ್ಕ ಪಕ್ಕದಲ್ಲಿಲ್ಲ. ಜೊತೆಗೆ, ಪೊಲೀಸರು ಪಿಸ್ತೂಲು ಬಳಸದ ಘಟನೆಗಳನ್ನು ಬಿಟ್ಟು ಮಾಡಿದ ಲೆಕ್ಕ ಇದು. ಆಫೀಸಲ್ಲಿ ಜೂನಿಯರ್ ಒಬ್ಬ ಇಂಥ ಟೇಬಲ್ ತಂದಿದ್ದರೆ ವಾಪಸ್ ಕಳಿಸ್ತಿದ್ದೆ. ಮೈಕ್ ಮುಂದೆ ಮಾತ್ರ ಹೊಗಳಿಬಿಟ್ಟೆ.

ಇನ್ನೊಂದು ತಾರೀಖು ಹೇಳಲೇಬೇಕು. 1925ರ ಮೇ 30. ನಾನ್‌ಕಿಂಗ್ ರಸ್ತೆಯಲ್ಲಿ ಬ್ರಿಟಿಷ್ ಅಧಿಕಾರಿಯ ಆಜ್ಞೆಯಂತೆ ಸಿಖ್ ಮತ್ತು ಚೀನೀ ಪೇದೆಗಳು ಪ್ರತಿಭಟನಾಕಾರರ ಮೇಲೆ ಗುಂಡು ಹಾರಿಸಿದರು. ಕನಿಷ್ಠ ಒಂಬತ್ತು ಮಂದಿ ಸತ್ತರು. ಇಡೀ ಚೀನಾ ಮುಷ್ಕರದಲ್ಲಿ ಎದ್ದಿತು. ಅವರು ಬರಿಗೈಯವರು, ಹಾಗಾಗಿ ‘ಸಶಸ್ತ್ರ ಕಾಳಗ’ ಅನ್ನೋ ಕಾಲಂನಲ್ಲಿ ಅವರಿಗೆ ಜಾಗವೇ ಇಲ್ಲ. ಪುಸ್ತಕದವರು ಸುಳ್ಳು ಹೇಳಿದರು ಅಂತಲ್ಲ. ಕಾಲಂಗೆ ಹೆಸರಿಟ್ಟಾಗಲೇ ಅರ್ಧ ಲೆಕ್ಕ ಮುಗಿದಿರತ್ತೆ.

ಇದನ್ನೆಲ್ಲ ಗೆಳೆಯನಿಗೆ ಹೇಳಿದೆ. ಬೇಜಾರಾಗ್ತಾನೇನೋ ಅಂದ್ಕೊಂಡಿದ್ದೆ. ಅವರ ಮನೆಯಲ್ಲಿ ಕೈಲ್‌ಪೊಳ್ದ್ ದಿನ ಅಜ್ಜನ ಕೋವಿಯ ಬಾಯಿಗೆ ತೋಕ್ ಪೂ ಇಟ್ಟು ಪೂಜೆ ಮಾಡ್ತಾರೆ. ಆ ಕೋವಿ ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಮಕ್ಕಳಿಗೂ ಗೊತ್ತು.

"ಇದಕ್ಕೂ ಹೂ ಇಡ್ತೀಯಾ?" ಅಂದೆ.

"ಇಲ್ಲಪ್ಪ. ಕಂಪನಿ ಪತ್ರದಲ್ಲಿ ಹಡಗು ಏರಿದ ದಿನ ಇರತ್ತೆ. ಯಾರ ಸೊಂಟದಲ್ಲಿತ್ತು, ಯಾರ ಮೇಲೆ ಎತ್ತಿದ್ರು ಅಂತ ಇರಲ್ಲವಲ್ಲ."

ಪುಸ್ತಕ ಓದಿ, ಬೇಡ ಅನ್ನಲ್ಲ. ಆ ಅಂಕಿಗಳ ಪುಟ ಬಂದಾಗ ಪಕ್ಕದಲ್ಲೊಂದು ಪೆನ್ಸಿಲ್ ಇರಲಿ. ಹಳೇ ಎಪಿಸೋಡಿನ ವಿವರಣೆಯಲ್ಲಿ ಈ ತಿದ್ದುಪಡಿ ಹಾಕಿದೀನಿ.